ಇಂಗ್ಲಿಷ್ ಮಿಕ್ಸ್ಚರ್: ಎಲೆಯ ಹದ, ಬೆಂಕಿಯ ಹದ

ಇಂಗ್ಲಿಷ್ ಶೈಲಿಯ ಪೈಪ್ ತಂಬಾಕಿನ ಡಬ್ಬಿಯನ್ನು ಮೊದಲ ಸಲ ತೆರೆದವರು ಸಾಮಾನ್ಯವಾಗಿ ಮೂಗು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಚೆರ್ರಿ, ವೆನಿಲ್ಲಾ, ಚಾಕಲೇಟಿನ ಘಮ ನಿರೀಕ್ಷಿಸಿದವರಿಗೆ ಸಿಗುವುದು ಕಟ್ಟಿಗೆಯ ಹೊಗೆ, ಹಳೆಯ ಚರ್ಮ, ತುಸು ಡಾಂಬರಿನ ವಾಸನೆ. ಎಳೆಗಳಲ್ಲಿ ಬಹಳಷ್ಟು ಕಡುಕಪ್ಪು. ಇದು ಬಲು ಘಾಟು, ಎರಡು ದಮ್ಮಿಗೇ ತಲೆ ತಿರುಗುತ್ತದೆ ಎಂದು ಅಲ್ಲೇ ತೀರ್ಮಾನಿಸುತ್ತಾರೆ. ಆ ತೀರ್ಮಾನ ತಪ್ಪು. ಆ ಕಪ್ಪು ಎಲೆಯಲ್ಲಿ ನಿಕೋಟಿನ್ ಕಡಿಮೆ. ತಲೆ ತಿರುಗಿಸುವ ಶಕ್ತಿ ಇರುವುದು ಹೆಚ್ಚಾಗಿ ಅದರ ಪಕ್ಕದಲ್ಲಿ ಸಪ್ಪಗೆ ಕಾಣುವ ಹಳದಿ, ಕಂದು ಎಲೆಯಲ್ಲಿ. ಆ ಜಾತಿಯ ಎಲೆ ಬೆಂಗಳೂರಿನಿಂದ ಅರ್ಧ ದಿನದ ದಾರಿಯ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲೇ ಬೆಳೆಯುತ್ತದೆ.

ಇಂಗ್ಲಿಷ್ ಮಿಕ್ಸ್ಚರ್ ಎಂಬ ಈ ಎಲೆಗಳ ಮಿಶ್ರಣ ಅರ್ಥವಾಗಬೇಕಾದರೆ ಪ್ರತಿ ಹಂತದಲ್ಲೂ ಎರಡು ಪ್ರಶ್ನೆ ಕೇಳಬೇಕು: ಎಲೆಯಲ್ಲಿ ನೀರು ಎಷ್ಟಿದೆ, ಅದಕ್ಕೆ ಶಾಖ ಎಷ್ಟು ತಾಗುತ್ತಿದೆ. ಹೊಲದಿಂದ ಬಂದ ಎಲೆ ಒಣಗಿಸುವಾಗ, ಡಬ್ಬಿಯಲ್ಲಿ ಇಡುವಾಗ, ಪೈಪಿಗೆ ತುಂಬುವಾಗ, ಕಡ್ಡಿ ಗೀರುವಾಗ, ಎಲ್ಲ ಕಡೆಯೂ ರುಚಿಯನ್ನು ಮಾಡುವುದೂ ಕೆಡಿಸುವುದೂ ಇವೆರಡೇ. ದುಬಾರಿ ಪೈಪು, ಹೆಸರಾಂತ ಬ್ರ್ಯಾಂಡು ಎಲ್ಲ ಆಮೇಲಿನ ಮಾತು.

ಇನ್ನೊಂದು ವಿಷಯವನ್ನು ಈಗಲೇ ಹೇಳಬೇಕು. ಪೈಪಿನ ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳದಿದ್ದರೂ ಅಪಾಯ ತಪ್ಪುವುದಿಲ್ಲ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಸಾಧ್ಯತೆ ಹೆಚ್ಚುತ್ತದೆ, ನಿಕೋಟಿನ್ ಚಟ ಹತ್ತುತ್ತದೆ. ಸಿಗರೇಟಿನಿಂದ ಪೈಪಿಗೆ ಬಂದವರು ರೂಢಿಬಲದಿಂದ ಹೊಗೆ ಒಳಗೆಳೆಯುತ್ತಾರೆ, ಅವರಿಗೆ ಹಾನಿ ಇನ್ನೂ ಹೆಚ್ಚು. ಈವರೆಗೆ ಸೇದದವರು ಇದನ್ನು ಓದಿ ಶುರುಮಾಡಬೇಕಾಗಿಲ್ಲ. ಬಿಡಬೇಕೆನ್ನುವವರಿಗೆ ರಾಷ್ಟ್ರೀಯ ಸಹಾಯವಾಣಿ 1800-11-2356 ಇದೆ. ದಕ್ಷಿಣದ ಭಾಷೆಗಳಲ್ಲಿ ಆ ಸೇವೆಯನ್ನು ನಡೆಸುತ್ತಿರುವುದು ನಮ್ಮ ನಿಮ್ಹಾನ್ಸ್. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡ ಬೀಳುತ್ತದೆ, ಕೈಯಲ್ಲಿರುವುದು ಪೈಪು ಎಂಬ ಕಾರಣಕ್ಕೆ ರಿಯಾಯಿತಿ ಇಲ್ಲ.

ಇಂಗ್ಲಿಷ್ ಎಂದು ಏಕೆ ಕರೆಯುತ್ತಾರೆ

ಬ್ರಿಟನ್ನಿನ ಕಾನೂನು ಬಹುಕಾಲ ತಂಬಾಕಿಗೆ ಸಿಹಿ, ಸುವಾಸನೆ ಬೆರೆಸುವುದಕ್ಕೆ ಕಡಿವಾಣ ಹಾಕಿತ್ತು. ಹೊರಗಿನ ಎಸೆನ್ಸ್ ಸೇರಿಸುವಂತಿಲ್ಲವಾದ್ದರಿಂದ ಅಲ್ಲಿನ ಮಿಶ್ರಣಗಾರರು ಎಲೆಗಳಿಂದಲೇ ರುಚಿ ಹೊರಡಿಸಬೇಕಾಯಿತು. ಬೇರೆ ಬೇರೆ ನಾಡಿನ, ಬೇರೆ ಬೇರೆ ರೀತಿಯಲ್ಲಿ ಹದ ಮಾಡಿದ ಎಲೆಗಳನ್ನು ಬೆರೆಸುವ ಕಲೆ ಬೆಳೆದದ್ದು ಹೀಗೆ. ಇಂದು ಆ ಹೆಸರು ನಿರ್ದಿಷ್ಟ ಕುಟುಂಬವೊಂದನ್ನು ಸೂಚಿಸುತ್ತದೆ: ವರ್ಜೀನಿಯಾ ಎಲೆಯ ತಳಪಾಯ, ಅದರ ಮೇಲೆ ಓರಿಯೆಂಟಲ್ ಎಲೆ, ಹೊಗೆಯಲ್ಲಿ ಹದವಾದ ಲಟಾಕಿಯಾ. ಕೆಲವದರಲ್ಲಿ ಪೆರೀಕ್ ಎಂಬ ಹುಳಿ ಬರಿಸಿದ ಎಲೆ ತುಸು ಇರುತ್ತದೆ.

ಈ ಕುಟುಂಬವನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಆಲ್ಫ್ರೆಡ್ ಡನ್‌ಹಿಲ್ ದೊಡ್ಡ ಹೆಸರು. ಲಂಡನ್ನಿನ ಡ್ಯೂಕ್ ಸ್ಟ್ರೀಟ್‌ನಲ್ಲಿ 1907ರಲ್ಲಿ ಅಂಗಡಿ ತೆರೆದ ಅವರು ಗ್ರಾಹಕರ ಇಷ್ಟಕ್ಕೆ ತಕ್ಕಂತೆ ಎಲೆ ಬೆರೆಸಿ ಕೊಡುತ್ತಿದ್ದರು. 'ಮೈ ಮಿಕ್ಸ್ಚರ್ 965' ಎಂಬ ಮಿಶ್ರಣ ಆ ಪದ್ಧತಿಯ ಕುರುಹು. ಡನ್‌ಹಿಲ್ ಹೆಸರಿನ ಪೈಪ್ ತಂಬಾಕು 2018ರ ಹೊತ್ತಿಗೆ ಮಾರುಕಟ್ಟೆಯಿಂದ ಹೋಯಿತು. ಅದೇ ಮಿಶ್ರಣಗಳು ಈಗ ಪೀಟರ್ಸನ್ ಹೆಸರಿನಲ್ಲಿ ಬರುತ್ತಿವೆ. ಇಂಗ್ಲೆಂಡಿನ ಕೆಂಡಲ್ ಪಟ್ಟಣದ ಸ್ಯಾಮ್ಯುಯೆಲ್ ಗಾವಿತ್ ಕಂಪನಿಯ 'ಸ್ಕ್ವಾಡ್ರನ್ ಲೀಡರ್' ಇದೇ ಕುಟುಂಬದ ಇನ್ನೊಂದು ಹಳೆಯ ಹೆಸರು.

ಎಲೆಗಳು

ವರ್ಜೀನಿಯಾವನ್ನು ಹದ ಮಾಡುವ ವಿಧಾನಕ್ಕೆ ಫ್ಲೂ ಕ್ಯೂರಿಂಗ್ ಎಂದು ಹೆಸರು. ಮೈಸೂರು ಸೀಮೆಯ ರೈತರ ಮಾತಿನಲ್ಲಿ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯಿಸುವುದು. ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಒಣಗಿಸುವ ಮನೆಯೊಳಗೆ ಸಾಲುಸಾಲಾಗಿ ತೂಗುಹಾಕುತ್ತಾರೆ. ಒಲೆಯಲ್ಲಿ ಉರಿ ಹಾಕಿದರೆ ಕೊಳವೆಗಳ ಮೂಲಕ ಶಾಖ ಮಾತ್ರ ಎಲೆಗೆ ತಾಗುತ್ತದೆ, ಹೊಗೆ ತಾಗುವುದಿಲ್ಲ. ಮೊದಲ ಹಂತದಲ್ಲಿ ಸುಮಾರು 35ರಿಂದ 40 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ಒಳ್ಳೆಯ ತೇವ ಇರುತ್ತದೆ. ಆಗ ಎಲೆ ಇನ್ನೂ ಸತ್ತಿರುವುದಿಲ್ಲ. ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಹಸಿರು ಇಳಿದು ಹಳದಿ ಏರುತ್ತದೆ. ಆ ಬಣ್ಣ ಬಂದ ಮೇಲೆ ಶಾಖ ಏರಿಸಿ, ಕಿಂಡಿ ತೆರೆದು ತೇವವನ್ನು ಹೊರಗೆ ಬಿಟ್ಟು ಎಲೆಯ ಹಾಳೆ ಒಣಗಿಸುತ್ತಾರೆ. ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ಒಯ್ದು ನಡುದಂಟು ಒಣಗಿಸುತ್ತಾರೆ. ಒಟ್ಟು ಐದಾರು ದಿನದ ಕೆಲಸ. ಅವಸರದಿಂದ ಶಾಖ ಏರಿಸಿದರೆ ಹಸಿರು ಹಾಗೇ ಉಳಿದು ಎಲೆ ಕಹಿಯಾಗುತ್ತದೆ. ತಡಮಾಡಿದರೆ ಆಗಷ್ಟೇ ಹುಟ್ಟಿದ ಸಕ್ಕರೆಯನ್ನು ಎಲೆಯೇ ಉಸಿರಾಡಿ ಕರಗಿಸಿಬಿಡುತ್ತದೆ, ಬಣ್ಣ ಕಂದಾಗುತ್ತದೆ. ಸರಿಯಾದ ಗಳಿಗೆಯಲ್ಲಿ ಒಣಗಿಸಿದಾಗ ಸಕ್ಕರೆ ಎಲೆಯಲ್ಲೇ ನಿಲ್ಲುತ್ತದೆ. ಪೈಪಿನಲ್ಲಿ ಒಣಹುಲ್ಲು, ಬ್ರೆಡ್ಡು, ತೆಳುವಾದ ನಿಂಬೆಸಿಪ್ಪೆಯ ಸಿಹಿ ಎಂದು ನಾಲಿಗೆಗೆ ಸಿಗುವುದು ಆ ಸಕ್ಕರೆಯ ಫಲ. ನಾಲಿಗೆ ಸುಡುವುದಕ್ಕೂ ಅದೇ ಮುಖ್ಯ ಕಾರಣ, ಅದನ್ನು ಮುಂದೆ ನೋಡೋಣ.

ಇಷ್ಟು ಓದಿ, ಊರಿನ ಕಡೆಯಿಂದ ಒಂದು ಕಟ್ಟು ಹೊಗೆಸೊಪ್ಪು ತರಿಸಿ ಕತ್ತರಿಸಿ ಪೈಪಿಗೆ ತುಂಬೋಣ ಎನಿಸಬಹುದು. ಅದು ಬೇಡ. ನಮ್ಮ ಬ್ಯಾರನ್ನಿನಿಂದ ಹೊರಬಂದ ಎಲೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಮತ್ತೆ ಒಣಗಿ, ದಂಟು ಬೇರೆಯಾಗಿ, ದಾಸ್ತಾನಿನಲ್ಲಿ ತಿಂಗಳುಗಟ್ಟಲೆ ಮಾಗಿದ ಮೇಲೆಯೇ ಸೇದಲು ಯೋಗ್ಯವಾಗುವುದು. ಮಾಗದ ಎಲೆಯಲ್ಲಿ ಅಮೋನಿಯಾದ ಘಾಟು ಇರುತ್ತದೆ, ಗಂಟಲು ಕೆರೆಯುತ್ತದೆ. ಮೇಲಾಗಿ ಈ ಎಲೆಯನ್ನು ಮಂಡಳಿಯ ಹರಾಜಿನ ಹೊರಗೆ ಮಾರುವುದು ರೈತನಿಗೇ ತೊಂದರೆ ತರುತ್ತದೆ.

ಓರಿಯೆಂಟಲ್ ಎಂದರೆ ಗ್ರೀಸ್, ಟರ್ಕಿ, ಬಾಲ್ಕನ್ ಗುಡ್ಡಗಾಡಿನ ಸಣ್ಣೆಲೆಯ ತಂಬಾಕು. ಬಸ್ಮಾ, ಸಾಮ್ಸುನ್, ಇಜ್ಮೀರ್, ಕ್ಸಾಂತಿ ಎಂಬ ಹೆಸರುಗಳು ಡಬ್ಬಿಗಳ ಮೇಲೆ ಕಾಣುತ್ತವೆ. ಬಡ ಮಣ್ಣು, ಕಡಿಮೆ ನೀರು, ಸುಡುಬಿಸಿಲು: ಗಿಡ ಕಷ್ಟಪಟ್ಟಷ್ಟೂ ಎಲೆ ಚಿಕ್ಕದಾಗಿ ಅದರಲ್ಲಿ ಸುಗಂಧದ ಎಣ್ಣೆ, ಅಂಟು ಹೆಚ್ಚುತ್ತದೆ. ಎಲೆಗಳನ್ನು ದಾರಕ್ಕೆ ಪೋಣಿಸಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ತೆಳು ಹುಳಿ, ಒಣ ಗಿಡಮೂಲಿಕೆ, ಕೆಲವೊಮ್ಮೆ ಲೋಬಾನದ ಛಾಯೆ ಇವುಗಳ ಗುಣ. ಇವು ಮೆಲುದನಿಯ ಎಲೆಗಳು. ಬೆಂಕಿ ಜೋರಾದರೆ ಮೊದಲು ಮಾಯವಾಗುವ ರುಚಿ ಇವುಗಳದ್ದೇ.

ಲಟಾಕಿಯಾ ಸಿರಿಯಾದ ಬಂದರು ಪಟ್ಟಣದ ಹೆಸರು. ಆದರೆ ಸುಮಾರು ಎರಡು ದಶಕಗಳಿಂದ ಸಿರಿಯಾದ ಲಟಾಕಿಯಾ ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಇಲ್ಲ, ಈಗ ಸಿಗುವುದು ಸೈಪ್ರಸ್ ಮಾದರಿಯದು. ಓರಿಯೆಂಟಲ್ ಜಾತಿಯ ಎಲೆಯನ್ನು ಬಿಸಿಲಿನಲ್ಲಿ ಒಣಗಿಸಿ, ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಪೈನ್, ಮರ್ಟಲ್, ಮ್ಯಾಸ್ಟಿಕ್ ಮುಂತಾದ ಗಿಡಗಳ ಸೌದೆಯನ್ನು ಉರಿಯಗೊಡದೆ ಹೊಗೆಯಾಡಿಸುತ್ತಾರೆ. ವಾರಗಟ್ಟಲೆ ಹೊಗೆ ಕುಡಿದ ಎಲೆ ಕಪ್ಪಾಗುತ್ತದೆ. ಇಷ್ಟೆಲ್ಲ ನಡೆಯುವಾಗ ಸಕ್ಕರೆ ಬಹುಪಾಲು ಹೋಗಿರುತ್ತದೆ, ನಿಕೋಟಿನ್ನೂ ಕಡಿಮೆ. ಹೀಗಾಗಿ ಲಟಾಕಿಯಾ ನಿಧಾನವಾಗಿ, ತಣ್ಣಗೆ ಉರಿಯುತ್ತದೆ, ವಾಸನೆ ಎಷ್ಟು ಗಾಢವೋ ಏಟು ಅಷ್ಟು ಹಗುರ. ಮಿಶ್ರಣದಲ್ಲಿ ಅದರ ಕೆಲಸ ಸಾರಿಗೆ ಇಂಗು ಮಾಡುವ ಕೆಲಸ: ಹದವಾಗಿ ಬಿದ್ದರೆ ಉಳಿದ ರುಚಿಗಳಿಗೆ ಮೈ ಕೊಡುತ್ತದೆ, ಹೆಚ್ಚಾದರೆ ಅದೊಂದೇ ಉಳಿಯುತ್ತದೆ.

ಪೆರೀಕ್ ಅಮೆರಿಕದ ಲೂಯಿಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್‌ನದು. ಎಲೆಯನ್ನು ವಿಸ್ಕಿಯ ಹಳೆಯ ಪೀಪಾಯಿಗಳಲ್ಲಿ ತುಂಬಿ, ಸ್ಕ್ರೂ ಜ್ಯಾಕಿನಿಂದ ಅದುಮಿ, ಅದರದೇ ರಸದಲ್ಲಿ ಒಂದು ವರ್ಷದಷ್ಟು ಹುಳಿ ಬರಿಸುತ್ತಾರೆ. ಕರಿಮೆಣಸು, ಒಣ ಅಂಜೂರದ ರುಚಿ. ಶೇ 5 ಇದ್ದರೂ ಗೊತ್ತಾಗುತ್ತದೆ. ತಲೆಗೆ ಏರುವುದು ಇದು.

ಪ್ರಮಾಣ

ಲಟಾಕಿಯಾ ಶೇ 10ರಿಂದ 20 ಇದ್ದರೆ ಹಗುರ ಇಂಗ್ಲಿಷ್, 30ರಿಂದ 40 ಇದ್ದರೆ ಮಧ್ಯಮ, ಅರ್ಧದ ಹತ್ತಿರ ಹೋದರೆ ಗಾಢ. ಓರಿಯೆಂಟಲ್ ಎಲೆಗೆ ಮುಖ್ಯ ಪಾತ್ರ ಕೊಟ್ಟ ಮಿಶ್ರಣವನ್ನು ಬಾಲ್ಕನ್ ಎನ್ನುತ್ತಾರೆ. ಹಬೆಯಲ್ಲಿ ಬೇಯಿಸಿ ಒತ್ತಿದ, ಸಿಹಿ ಬೆರೆಸದ ಕ್ಯಾವೆಂಡಿಷ್ ಸೇರಿಸಿ ಮೃದು ಮಾಡಿದ್ದಕ್ಕೆ ಸ್ಕಾಟಿಷ್ ಎಂಬ ಹೆಸರಿದೆ. ಈ ಗಡಿಗಳನ್ನು ಯಾರೂ ಕಾನೂನಾಗಿ ಬರೆದಿಲ್ಲ, ತಯಾರಕರು ತಮಗೆ ತೋಚಿದಂತೆ ಅಂಟಿಸುತ್ತಾರೆ. ಡಬ್ಬಿಯ ಹಿಂದಿನ ಎಲೆಗಳ ಪಟ್ಟಿ ಓದುವುದು ಹೆಚ್ಚು ಉಪಯುಕ್ತ.

ಮೊದಲ ಡಬ್ಬಿಗೆ ಗಾಢವಾದದ್ದು ಒಳ್ಳೆಯದಲ್ಲ. 'ಅರ್ಲಿ ಮಾರ್ನಿಂಗ್ ಪೈಪ್' ಥರದ ಹಗುರ ಮಿಶ್ರಣದಲ್ಲಿ ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ ಮೂರೂ ಬೇರೆ ಬೇರೆಯಾಗಿ ತಿಳಿಯುತ್ತವೆ. 'ನೈಟ್‌ಕ್ಯಾಪ್'ನಲ್ಲಿ ಪೆರೀಕ್ ಸೇರಿದೆ, ಖಾಲಿ ಹೊಟ್ಟೆಗೆ ಅದನ್ನು ಸೇದಿದರೆ ಬಿಕ್ಕಳಿಕೆ, ಬೆವರು, ವಾಕರಿಕೆ ಖಚಿತ. ಹಾಗಾದರೆ ಪೈಪು ಕೆಳಗಿಟ್ಟು, ನೀರು ಕುಡಿದು, ಏನಾದರೂ ಸಿಹಿ ತಿಂದು ಗಾಳಿಗೆ ಕೂರಬೇಕು.

ಬೆಂಗಳೂರಿನಲ್ಲಿ ಆಮದು ಡಬ್ಬಿಗಳು ಹಳೆಯ ತಂಬಾಕು ಅಂಗಡಿಗಳಲ್ಲಿ ಬೆರಳೆಣಿಕೆಯಷ್ಟು ಸಿಗುತ್ತವೆ. ಕೊಳ್ಳುವಾಗ ಮೊಹರು ಗಟ್ಟಿಯಾಗಿದೆಯೇ, ತುಕ್ಕು ಇದೆಯೇ, ಶೇ 85ರಷ್ಟು ಜಾಗ ತುಂಬುವ ಚಿತ್ರಸಹಿತ ಎಚ್ಚರಿಕೆ ಇದೆಯೇ ನೋಡಬೇಕು. ಎಚ್ಚರಿಕೆ ಇಲ್ಲದ ಡಬ್ಬಿ ಕಳ್ಳದಾರಿಯಲ್ಲಿ ಬಂದದ್ದು. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ್ದು 125 ಗ್ರಾಂ, 50 ಗ್ರಾಮಿನ ಎರಡು ಡಬ್ಬಿ ಅದರೊಳಗೆ ಬರುತ್ತವೆ.

ತೇವ

ಪೈಪ್ ತಂಬಾಕಿನಲ್ಲಿ ಹೆಚ್ಚಿನ ದೂರುಗಳ ಮೂಲ ಇಲ್ಲಿದೆ. ತಯಾರಕರು ಡಬ್ಬಿಯೊಳಗೆ ತಂಬಾಕನ್ನು ಬೇಕಾದ್ದಕ್ಕಿಂತ ತೇವವಾಗಿ ಇಡುತ್ತಾರೆ. ಎಲೆ ಪುಡಿಯಾಗದೆ ಉಳಿಯಲು, ಮಾಗಲು ಅದು ಬೇಕು, ಸೇದಲು ಬೇಡ. ಸೇದುವ ಹದಕ್ಕೆ ತೂಕದಲ್ಲಿ ಶೇ 12ರಿಂದ 14 ನೀರು ಸಾಕು. ಮಾಪಕ ಬೇಕಾಗಿಲ್ಲ, ಬೆರಳು ಸಾಕು. ಒಂದು ಚಿಟಿಕೆ ತೆಗೆದು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚು. ಮೆಲ್ಲಗೆ ಅರಳಿ ಬಿಡಿಬಿಡಿಯಾದರೆ ಸರಿ. ಚರಚರ ಸದ್ದು ಮಾಡಿ ಮುರಿದರೆ ಒಣಗಿಹೋಗಿದೆ.

ಬೇಕಾದ 2 ಗ್ರಾಂ ತಂಬಾಕನ್ನು ಬಿಳಿ ಕಾಗದದ ಮೇಲೆ ತೆಳುವಾಗಿ ಹರಡಿ ನೆರಳಲ್ಲಿ ಬಿಡಬೇಕು. ಎಳೆಯಾಗಿ ಕತ್ತರಿಸಿದ ರಿಬ್ಬನ್ ಆದರೆ ಮಾರ್ಚ್, ಏಪ್ರಿಲ್‌ನ ಬೆಂಗಳೂರಿನ ಒಣ ಮಧ್ಯಾಹ್ನ ಹತ್ತು ಹದಿನೈದು ನಿಮಿಷ ಸಾಕು. ಜುಲೈ, ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದು ಒಗೆದ ಬಟ್ಟೆ ಎರಡು ದಿನವಾದರೂ ಒಣಗದ ಹೊತ್ತಿನಲ್ಲಿ ಒಂದು ಗಂಟೆ ಇಟ್ಟರೂ ಏನೂ ಆಗದಿರಬಹುದು. ಆಗ ಉರಿಯುವ ಬಲ್ಬಿನ ಕೆಳಗೆ, ಕೈಗೆ ಬೆಚ್ಚಗೆ ತಿಳಿಯುವಷ್ಟು ದೂರದಲ್ಲಿ ಇಡುವುದು ಮೇಲು. ಬಾಣಲೆ, ಮೈಕ್ರೋವೇವ್ ಬೇಡ, ಓರಿಯೆಂಟಲ್ ಎಲೆಯ ಸುಗಂಧ ಮೊದಲ ಅರ್ಧ ನಿಮಿಷದಲ್ಲೇ ಹಾರಿಹೋಗುತ್ತದೆ. ಒತ್ತಿ ಹೋಳು ಮಾಡಿದ ಫ್ಲೇಕ್ ಆದರೆ ಮೊದಲು ಅಂಗೈಯಲ್ಲಿ ಉಜ್ಜಿ ಬಿಡಿಸಿ, ರಿಬ್ಬನ್ನಿನ ಎರಡು ಪಟ್ಟು ಹೊತ್ತು ಕೊಡಬೇಕು.

ಎಲೆ ಪೂರ್ತಿ ಒಣಗಿದ್ದರೆ ಮರಳಿ ಹದಕ್ಕೆ ತರಬಹುದು. ತಂಬಾಕನ್ನು ಅಗಲ ಪಾತ್ರೆಗೆ ಹಾಕಿ, ಬಾಯಿಗೆ ಹಿಂಡಿದ ಒದ್ದೆ ಬಟ್ಟೆ ಬಿಗಿದು ಕಟ್ಟಿ, ಬಟ್ಟೆ ಎಲೆಗೆ ತಾಗದಂತೆ ನೋಡಿಕೊಂಡು, ಗಂಟೆಗೊಮ್ಮೆ ಕೈಯಾಡಿಸಬೇಕು. ನೀರು ಡಿಸ್ಟಿಲ್ಡ್ ಅಥವಾ ಕುದಿಸಿ ಆರಿಸಿದ್ದಾಗಿರಲಿ. ನೀರನ್ನು ನೇರ ಚಿಮುಕಿಸಿದರೆ ಒಂದೆಡೆ ಒದ್ದೆ, ಇನ್ನೊಂದೆಡೆ ಒಣ ಆಗಿ ಬೂಷ್ಟು ಹಿಡಿಯುತ್ತದೆ. ತೇವಕ್ಕೆಂದು ಆಲೂಗಡ್ಡೆ, ಸೇಬಿನ ಚೂರು ಹಾಕಿಡುವ ರೂಢಿಯೂ ಇದೆ. ಅದು ಬೂಷ್ಟಿಗೆ ನೇರ ಆಹ್ವಾನ. ಬಿಳಿ ನೂಲಿನಂಥ ಬೂಷ್ಟು ಕಂಡರೆ ಡಬ್ಬಿ ಪೂರ್ತಿ ಎಸೆಯುವುದೇ ಸರಿ. ಮಿನುಗುವ ಸಣ್ಣ ಹರಳುಗಳು ಮಾತ್ರ ಕೆಲವು ಹಳೆಯ ಡಬ್ಬಿಗಳಲ್ಲಿ ಎಲೆಯ ಮೇಲೆ ಮೂಡುತ್ತವೆ, ಅವು ಬೂಷ್ಟಲ್ಲ. ಗುರುತು ಹಿಡಿಯಲು ಮೂಸಿ ನೋಡಬೇಕು: ಬೂಷ್ಟಾದರೆ ಮುಗ್ಗಲು ವಾಸನೆ ಬರುತ್ತದೆ.

ಪೈಪು

ಬೌಲ್ ಎಂದರೆ ತಂಬಾಕು ತುಂಬುವ ಬಟ್ಟಲು, ಅದರಿಂದ ಹೊರಟ ಮರದ ಕತ್ತು ಶ್ಯಾಂಕ್, ಬಾಯಿಗಿಡುವ ಭಾಗ ಸ್ಟೆಮ್. ಸ್ಟೆಮ್ಮಿನ ಮೊಳೆಯಂಥ ತುದಿ ಶ್ಯಾಂಕಿನ ತೂತಿನಲ್ಲಿ ಕೂರುತ್ತದೆ. ಬೌಲಿನ ತಳಕ್ಕೆ ಹೊಗೆದಾರಿ ಸರಿಯಾಗಿ ಕೂಡಬೇಕು. ತಳಕ್ಕಿಂತ ಮೇಲೆ ತೂತು ಕೊರೆದಿದ್ದರೆ ಕೊನೆಯ ಭಾಗ ಎಂದೂ ಸರಿಯಾಗಿ ಉರಿಯುವುದಿಲ್ಲ, ಅಲ್ಲೇ ಒದ್ದೆಯಾಗಿ ಕೊಳೆಯುತ್ತದೆ. ಕೊಳ್ಳುವಾಗ ಒಂದು ಪೈಪ್ ಕ್ಲೀನರನ್ನು (ನೂಲು ಸುತ್ತಿದ ತೆಳು ತಂತಿ) ಸ್ಟೆಮ್ಮಿನಿಂದ ತೂರಿಸಿ ನೋಡಬೇಕು, ತಡೆಯಿಲ್ಲದೆ ಬೌಲಿನ ತಳದಲ್ಲಿ ತಲೆ ಹಾಕಿದರೆ ಪೈಪು ಒಳ್ಳೆಯದು.

ಒಳ್ಳೆಯ ಪೈಪುಗಳನ್ನು ಬ್ರಯರ್ ಎಂಬ ಮೆಡಿಟರೇನಿಯನ್ ಪೊದೆಯ ಬುಡದ ಗಂಟಿನಿಂದ ಕೊರೆಯುತ್ತಾರೆ, ಅದು ಶಾಖ ತಡೆಯುತ್ತದೆ, ತೇವ ಹೀರುತ್ತದೆ. ಇಂಗ್ಲಿಷ್ ಮಿಕ್ಸ್ಚರಿಗೆ ಒಳವ್ಯಾಸ 19ರಿಂದ 21 ಮಿಲಿಮೀಟರ್, ಆಳ 35ರಿಂದ 40 ಇರುವ ಬೌಲ್ ಹೊಂದುತ್ತದೆ. ಅಗಲ ಇದ್ದಷ್ಟೂ ಮೂರು ನಾಲ್ಕು ಬಗೆಯ ಎಳೆಗಳು ಒಟ್ಟಿಗೆ ಉರಿಯುತ್ತವೆ. ಖರ್ಚು ಬೇಡವೆಂದರೆ ಜೋಳದ ದಿಂಡಿನಿಂದ ಮಾಡಿದ ಕಾಬ್ ಪೈಪು ಸಾಲುತ್ತದೆ, ಅದು ಮೊದಲ ದಿನದಿಂದಲೇ ಒಣ ಹೊಗೆ ಕೊಡುತ್ತದೆ. ಲಟಾಕಿಯಾದ ವಾಸನೆ ಬ್ರಯರಿನಲ್ಲಿ ಉಳಿದುಬಿಡುತ್ತದೆ. ಆದ್ದರಿಂದ ಇಂಗ್ಲಿಷಿಗೆಂದೇ ಒಂದು ಪೈಪು ಮೀಸಲಿಡಬೇಕು. ಅದೇ ಪೈಪಿನಲ್ಲಿ ಮರುದಿನ ವರ್ಜೀನಿಯಾ ಒಂದನ್ನೇ ಸೇದಿದರೆ ಎರಡೂ ಕೆಡುತ್ತವೆ.

ತುಂಬುವುದು, ಹೊತ್ತಿಸುವುದು

ಹದವಾದ ತಂಬಾಕನ್ನು ಬೌಲಿಗೆ ಸುಮ್ಮನೆ ಉದುರಿಸಿ ತುಂಬಿ, ಪಕ್ಕಕ್ಕೆ ಎರಡು ಸಲ ತಟ್ಟಿ. ಈಗ ಮೆಲ್ಲಗೆ ಒತ್ತಿದರೆ ಅರ್ಧಕ್ಕೆ ಇಳಿಯುತ್ತದೆ. ಮತ್ತೆ ತುಂಬಿ, ಈ ಸಲ ತುಸು ಬಲದಿಂದ ಮುಕ್ಕಾಲು ಭಾಗಕ್ಕೆ ಇಳಿಸಿ. ಮೂರನೆಯ ಸಲ ಬಾಯಿ ಮೀರಿ ತುಂಬಿ, ಗಟ್ಟಿಯಾಗಿ ಒತ್ತಿ ಅಂಚಿನಿಂದ 2 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ತಳ ಸಡಿಲ, ಮೇಲೆ ಬಿಗಿ ಇರಬೇಕಾದದ್ದಕ್ಕೆ ಕಾರಣವಿದೆ. ಉರಿ ಕೆಳಗಿಳಿದಂತೆ ತೇವವೂ ಟಾರೂ ಕೆಳಕ್ಕೆ ಇಳಿದು ತಳದ ಎಳೆಗಳನ್ನು ತಾವಾಗಿಯೇ ಬಿಗಿ ಮಾಡುತ್ತವೆ. ಮೊದಲೇ ತಳ ಬಿಗಿದಿದ್ದರೆ ಅರ್ಧ ದಾರಿಯಲ್ಲಿ ಪೈಪು ಕಟ್ಟುತ್ತದೆ.

ಹೊತ್ತಿಸುವ ಮೊದಲು ಒಮ್ಮೆ ಎಳೆದು ನೋಡಿ. ಖಾಲಿ ಪೈಪಿಗಿಂತ ಸ್ವಲ್ಪ ಹೆಚ್ಚು ತಡೆ ಇರಬೇಕು, ಕೆನ್ನೆ ಒಳಗೆ ಹೋಗುವಷ್ಟು ಇರಬಾರದು. ಬಿಗಿಯೆನಿಸಿದರೆ ಚುಚ್ಚಿ ಸಡಿಲಿಸುವ ಬದಲು ಪೂರ್ತಿ ಸುರಿದು ಹೊಸದಾಗಿ ತುಂಬುವುದೇ ಬೇಗದ ದಾರಿ.

ಕಡ್ಡಿ ಗೀರಿದ ಮೇಲೆ ತಲೆಯ ಮದ್ದು ಪೂರ್ತಿ ಉರಿಯುವವರೆಗೆ ಕಾಯಬೇಕು, ಇಲ್ಲವಾದರೆ ಮೊದಲ ರುಚಿ ಗಂಧಕದ್ದು. ಜ್ವಾಲೆಯನ್ನು ಮೇಲ್ಮೈಯಲ್ಲೆಲ್ಲ ವೃತ್ತಾಕಾರವಾಗಿ ಆಡಿಸುತ್ತ ನಾಲ್ಕೈದು ಸಣ್ಣ ಗುಟುಕು ಎಳೆದರೆ ಎಳೆಗಳು ಮೇಲೆದ್ದು ಸುರುಳಿಯಾಗುತ್ತವೆ. ಈ ಬೆಂಕಿ ಆರಿಹೋಗಲಿ, ಅದರ ಕೆಲಸ ಮೇಲ್ಪದರವನ್ನು ಒಣಗಿಸುವುದು ಮಾತ್ರ. ತಂಬಾಕು ಒತ್ತುವ ಸಣ್ಣ ಸಾಧನವಾದ ಟ್ಯಾಂಪರಿನಿಂದ ಹಗುರವಾಗಿ ಸಮ ಮಾಡಿ, ಎರಡನೆಯ ಸಲ ಹೊತ್ತಿಸಿ. ಸಿಗಾರಿನ ಟಾರ್ಚ್ ಲೈಟರ್ ಇದಕ್ಕೆ ಬೇಡ, ಬೌಲಿನ ಅಂಚೂ ಕರಕಲಾಗುತ್ತದೆ, ಎಲೆಯೂ ಸುಡುತ್ತದೆ.

ಆಮೇಲೆ ನಿಧಾನ. ನಿಮಿಷಕ್ಕೆ ಎರಡು ಮೂರು ಸಣ್ಣ ಗುಟುಕು ಸಾಕು. ಹೊಗೆ ದಟ್ಟವಾಗಿ ಕಾಣಬೇಕೆಂಬ ಆಸೆಯೇ ಎಲ್ಲ ಕೆಡಿಸುವುದು. ಬೌಲನ್ನು ಕೆನ್ನೆಗೆ ತಾಗಿಸಿ ಹಿಡಿಯಲು ಆಗದಷ್ಟು ಬಿಸಿಯಾದರೆ ಪೈಪನ್ನು ಕೆಳಗಿಡಿ. ಆರಿದರೆ ಆರಲಿ, ಮತ್ತೆ ಹೊತ್ತಿಸುವುದರಲ್ಲಿ ತಪ್ಪಿಲ್ಲ. ಒಂದು ಬೌಲಿಗೆ ಮೂರು ನಾಲ್ಕು ಸಲ ಕಡ್ಡಿ ಗೀರುವುದು ಅನುಭವಿಗಳಿಗೂ ಸಾಮಾನ್ಯ. 2 ಗ್ರಾಂ ತಂಬಾಕು ಮುಕ್ಕಾಲು ಗಂಟೆ ಬರಬೇಕು. ಇಪ್ಪತ್ತು ನಿಮಿಷಕ್ಕೆ ಮುಗಿದರೆ ಉರಿ ಜೋರಾಗಿತ್ತು ಎಂದರ್ಥ. ಜೂನ್, ಜುಲೈನ ಗಾಳಿಗೆ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಸೇದುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಬೀಸುವ ಗಾಳಿ ಬೌಲಿನೊಳಗೆ ತಿದಿಯೊತ್ತಿ ಒಂದು ಪಕ್ಕವನ್ನು ಸುಡುತ್ತದೆ, ಒಂದೇ ಸಂಜೆಯಲ್ಲಿ ಬ್ರಯರಿಗೆ ತೂತು ಬೀಳಬಹುದು. ಗಾಳಿಗೆ ಬೆನ್ನು ಕೊಟ್ಟು ಕೂರಬೇಕು, ಇಲ್ಲವೇ ತೂತಿರುವ ಲೋಹದ ಮುಚ್ಚಳ ಹಾಕಬೇಕು. ಲಟಾಕಿಯಾದ ಹೊಗೆ ಪಕ್ಕದ ಮನೆಯ ಪರದೆಗೂ ಅಂಟುತ್ತದೆ, ಮಕ್ಕಳಿರುವ ಕಿಟಕಿ ತೆರೆದಿದ್ದರೆ ಅಲ್ಲಿ ಸೇದಲೇಬಾರದು.

ನಾಲಿಗೆ ಸುಡುವುದು, ಗುಳುಗುಳು ಸದ್ದು

ನಾಲಿಗೆಯ ತುದಿ ಉರಿಯುವುದಕ್ಕೆ ಎರಡು ಬೇರೆ ಕಾರಣಗಳಿವೆ, ಮದ್ದೂ ಬೇರೆ. ಮೊದಲನೆಯದು ಹಬೆ. ತೇವದ ಎಲೆ ಉರಿಯುವಾಗ ನೀರು ಹಬೆಯಾಗುತ್ತದೆ, ಹಬೆ ಒಣ ಹೊಗೆಗಿಂತ ಬಹಳ ಹೆಚ್ಚು ಶಾಖವನ್ನು ನಾಲಿಗೆಗೆ ತಲುಪಿಸುತ್ತದೆ. ಸಕ್ಕರೆ ಹೆಚ್ಚಿರುವ ವರ್ಜೀನಿಯಾ ಬೇಗ ಬಿಸಿಯಾಗಿ ಉರಿಯುವುದರಿಂದ ಇದರಲ್ಲಿ ಅದರ ಪಾಲು ದೊಡ್ಡದು. ಒಣಗಿಸುವುದು, ನಿಧಾನ ಎಳೆಯುವುದು ಇದಕ್ಕೆ ಮದ್ದು. ಎರಡನೆಯದು ಹೊಗೆಯ ಗುಣ. ಸಕ್ಕರೆಯುಳ್ಳ ಎಲೆಯ ಹೊಗೆ ತುಸು ಆಮ್ಲೀಯ, ಸಕ್ಕರೆ ಇಲ್ಲದ ಎಲೆಯದು ಕ್ಷಾರೀಯ. ಯಾವುದೋ ಒಂದು ಕೆಲವರ ಬಾಯಿಗೆ ಒಗ್ಗುವುದಿಲ್ಲ. ತಂಬಾಕು ಸರಿಯಾಗಿ ಒಣಗಿದೆ, ಬೌಲ್ ಬೆಚ್ಚಗಷ್ಟೇ ಇದೆ, ಆದರೂ ಉರಿಯುತ್ತದೆ ಎಂದರೆ ಮಿಶ್ರಣ ಬದಲಿಸಿ ನೋಡಬೇಕು, ಸೇದುವ ರೀತಿಯನ್ನಲ್ಲ. ಕ್ಷಾರೀಯ ಹೊಗೆಯಿಂದ ನಿಕೋಟಿನ್ ಬಾಯಿಯ ಒಳಪದರದ ಮೂಲಕವೇ ರಕ್ತಕ್ಕೆ ಸೇರುತ್ತದೆ. ಪೈಪಿನವರು ಹೊಗೆ ಒಳಗೆಳೆಯದೆಯೂ ನಿಕೋಟಿನ್ ಪಡೆಯುವುದು ಹೀಗೆ.

ಗುಳುಗುಳು ಸದ್ದು ಬಂದರೆ ಹಬೆ ಶ್ಯಾಂಕಿನಲ್ಲಿ ತಣ್ಣಗಾಗಿ ನೀರಾಗಿದೆ. ಸ್ಟೆಮ್ ಎಳೆಯದೆ, ಪೈಪ್ ಕ್ಲೀನರನ್ನು ಬಾಯಿಯ ಕಡೆಯಿಂದ ತೂರಿಸಿ ಒಂದು ಕ್ಷಣ ಹಿಡಿದು ತೆಗೆದರೆ ಹೀರಿಕೊಳ್ಳುತ್ತದೆ. ಪೈಪು ಬಿಸಿಯಿರುವಾಗ ಸ್ಟೆಮ್ ಎಳೆದರೆ ಹಿಗ್ಗಿದ ಮೊಳೆ ಮುರಿಯುತ್ತದೆ ಅಥವಾ ತಣಿದ ಮೇಲೆ ಸಡಿಲವಾಗುತ್ತದೆ, ಒಂದು ಗಂಟೆ ಕಾಯುವುದೇ ಸರಿ.

ರುಚಿ ನೋಡುವುದು

ಬೌಲಿನ ಮೊದಲ ಮೂರನೇ ಒಂದು ಭಾಗದಲ್ಲಿ ಲಟಾಕಿಯಾ ಮುಂದೆ ನಿಲ್ಲುತ್ತದೆ. ಇಂಗ್ಲಿಷ್ ಮಿಕ್ಸ್ಚರನ್ನು ಇಲ್ಲಿಯೇ ಅಳೆದು ಬಿಟ್ಟುಬಿಡುವವರು ಬಹಳ. ನಡುಭಾಗದಲ್ಲಿ ಮೂಗು ಹೊಗೆಗೆ ಒಗ್ಗಿಕೊಂಡ ಮೇಲೆ ವರ್ಜೀನಿಯಾದ ಸಿಹಿ, ಓರಿಯೆಂಟಲ್‌ನ ತೆಳು ಹುಳಿ ಮೇಲೆ ಬರುತ್ತವೆ. ಬೆರೆಸಿದವನ ಕೈಚಳಕ ಕಾಣುವುದು ಇಲ್ಲಿ. ಕೊನೆಯ ಭಾಗ ಗಾಢವಾಗುತ್ತದೆ, ನಿಕೋಟಿನ್ ಹೆಚ್ಚುತ್ತದೆ, ಬೂದಿಯ ರುಚಿ ಬರುತ್ತದೆ. ಒದ್ದೆ ಕಸರು ಉಳಿದರೆ ಅದನ್ನು ಮುಗಿಸಲೇಬೇಕೆಂಬ ಹಟ ಬೇಡ.

ನಾಲಿಗೆ ಸಿಹಿ, ಹುಳಿ, ಕಹಿ, ಉಪ್ಪು ಹೇಳುತ್ತದೆ, ಉಳಿದ ಸೂಕ್ಷ್ಮವೆಲ್ಲ ಮೂಗಿನದು. ಬಾಯಲ್ಲಿರುವ ಹೊಗೆಯಲ್ಲಿ ಬಹುಪಾಲನ್ನು ಹೊರಬಿಟ್ಟು, ಉಳಿದ ಚೂರನ್ನು ಶ್ವಾಸಕೋಶಕ್ಕೆ ಎಳೆಯದೆ ಮೂಗಿನಿಂದ ಮೆಲ್ಲಗೆ ಹೊರಗೆ ಬಿಟ್ಟರೆ ಲಟಾಕಿಯಾ ಮತ್ತು ಓರಿಯೆಂಟಲ್ ಬೇರೆ ಬೇರೆಯಾಗಿ ತಿಳಿಯುತ್ತವೆ. ಮೂಗು ಚುರುಗುಟ್ಟಿದರೆ ಪೆರೀಕ್ ಇದೆ. ಖಾರದ ಊಟವಾದ ಕೂಡಲೇ ಸೇದಿದರೆ ನಾಲಿಗೆಯ ಉರಿ ಯಾವುದರದೆಂದು ತಿಳಿಯುವುದಿಲ್ಲ. ಫಿಲ್ಟರ್ ಕಾಫಿ ಗಾಢ ಮಿಶ್ರಣದ ಜೊತೆ ಹೊಂದುತ್ತದೆ, ಹಗುರವಾದದ್ದನ್ನು ಚಿಕೋರಿ ನುಂಗಿಬಿಡುತ್ತದೆ. ಹೊಸ ಡಬ್ಬಿಯನ್ನು ನೀರಿನ ಜೊತೆಯೇ ನೋಡಬೇಕು.

ಶುಚಿ ಮತ್ತು ದಾಸ್ತಾನು

ಪೈಪು ತಣಿದ ಮೇಲೆ ಬೂದಿ ಸುರಿದು, ಕ್ಲೀನರ್ ಎರಡು ಸಲ ಓಡಿಸಿ, ಒಂದು ದಿನವಾದರೂ ಬಿಡುವು ಕೊಡಬೇಕು. ಮಳೆಗಾಲದಲ್ಲಿ ಎರಡು ದಿನ. ಬೌಲಿನ ಒಳಗೋಡೆಯಲ್ಲಿ ಮಸಿಯ ಪದರ ಕಟ್ಟುತ್ತದೆ, ಅದಕ್ಕೆ ಕೇಕ್ ಎನ್ನುತ್ತಾರೆ. 1 ಮಿಲಿಮೀಟರ್ ದಪ್ಪದ ಕೇಕ್ ಮರವನ್ನು ಕಾಯುತ್ತದೆ. ಎರಡು ಮೀರಿದರೆ ಮರಕ್ಕಿಂತ ಬೇಗ ಹಿಗ್ಗಿ ಬೌಲನ್ನೇ ಸೀಳಬಹುದು. ಹೆರೆಯುವಾಗ ಚೂಪಾದ ಚಾಕು ಬೇಡ, ರೀಮರ್ ಅಥವಾ ಕೋಲಿಗೆ ಸುತ್ತಿದ ಮರಳುಕಾಗದ ಸಾಕು.

ತೆರೆದ ಡಬ್ಬಿಯಲ್ಲಿ ತಂಬಾಕು ಉಳಿಯುವುದಿಲ್ಲ, ಬೆಂಗಳೂರಿನ ಬೇಸಿಗೆಯಲ್ಲಿ ಎರಡೇ ವಾರಕ್ಕೆ ಪುಡಿಯಾಗುತ್ತದೆ. ರಬ್ಬರ್ ಸುತ್ತಿನ ಮುಚ್ಚಳವಿರುವ ಗಾಜಿನ ಜಾಡಿಯನ್ನು ತೊಳೆದು, ಪೂರ್ತಿ ಒಣಗಿಸಿ, ತಂಬಾಕನ್ನು ಸಡಿಲವಾಗಿ ತುಂಬಿ ಮುಚ್ಚಬೇಕು. ಉಪ್ಪಿನಕಾಯಿ ಇದ್ದ ಜಾಡಿ ಎಷ್ಟು ತೊಳೆದರೂ ಬೇಡ, ಮುಚ್ಚಳದ ರಬ್ಬರಿನಲ್ಲಿ ವಾಸನೆ ಉಳಿದಿರುತ್ತದೆ. ಪ್ಲಾಸ್ಟಿಕ್ ಡಬ್ಬಿ ತೇವ ಬಿಡುತ್ತದೆ. ಫ್ರಿಜ್ ಬೇಡ, ಕತ್ತಲೆಯ ಬೀರು ಸಾಕು. ಬಿಸಿಲು ಬೀಳುವ ಗೋಡೆಯ ಪಕ್ಕ ಇಡಬಾರದು. ನುಂಗಿದ ತಂಬಾಕು ಮಕ್ಕಳಿಗೂ ಸಾಕಿದ ನಾಯಿಗೂ ವಿಷ, ಆದ್ದರಿಂದ ಬೀರುವಿಗೆ ಬೀಗ ಇರಲಿ.

ಮುಚ್ಚಿದ ಜಾಡಿಯಲ್ಲಿ ವರ್ಜೀನಿಯಾ ವರ್ಷಗಳ ಕಾಲ ಮಾಗುತ್ತದೆ, ಒರಟುತನ ಹೋಗಿ ಸಿಹಿ ದುಂಡಗಾಗುತ್ತದೆ. ಲಟಾಕಿಯಾ ಮಾತ್ರ ವರ್ಷ ಕಳೆದಂತೆ ಮಂಕಾಗುತ್ತದೆ. ಹೀಗಾಗಿ ಗಾಢ ಮಿಶ್ರಣವನ್ನು ಮೊದಲ ಎರಡು ಮೂರು ವರ್ಷದೊಳಗೆ ಬಳಸುವುದು ಮೇಲು, ಹಗುರವಾದದ್ದನ್ನು ಇನ್ನೂ ಇಡಬಹುದು. ಜಾಡಿಯ ಮೇಲೆ ಹೆಸರು, ತುಂಬಿದ ತಿಂಗಳು, ವರ್ಷ, ತೂಕ ಬರೆದ ಚೀಟಿ ಅಂಟಿಸಿಡಿ. ಒಮ್ಮೆ ತೆರೆದ ಜಾಡಿಯಲ್ಲಿ ಮಾಗುವಿಕೆ ಮತ್ತೆ ಮೊದಲಿನಂತೆ ಸಾಗುವುದಿಲ್ಲ, ಆದ್ದರಿಂದ 50 ಗ್ರಾಮನ್ನು ಒಂದೇ ದೊಡ್ಡ ಜಾಡಿಗೆ ತುಂಬುವ ಬದಲು 25ರ ಎರಡು ಸಣ್ಣ ಜಾಡಿಗಳಿಗೆ ಹಂಚಿ, ಒಂದನ್ನು ಮುಟ್ಟದೆ ಬಿಡುವುದು ಒಳ್ಳೆಯದು.